ಹದಿನಾಲ್ಕು ಡಬ್ಬಿಗಳ ಮುಂದೆ ಮೂಗರಾಜ

ಸಾಬೂನು ಕಾರ್ಖಾನೆಯ ಮೂಗರಾಜನ ಮೂಗನ್ನು ದೇವರು ಬಿಡುವಾಗಿದ್ದ ದಿನ ಕೂತು ಸ್ವಂತ ಕೈಯಿಂದ ಮಾಡಿದ್ದ. ಉಳಿದ ಮುಖವನ್ನು ಮಾತ್ರ ಯಾರಿಗೋ ಗುತ್ತಿಗೆ ಕೊಟ್ಟಂತಿತ್ತು. ಬಾಗಿಲಲ್ಲಿ ಮೊದಲು ಮೂಗು ಕಾಣಿಸಿಕೊಳ್ಳುತ್ತಿತ್ತು, ಅರ್ಧ ಗಂಟೆ ಬಿಟ್ಟು ಅವನು ಬರುತ್ತಿದ್ದ. ನಾಲ್ಕು ಬೀದಿ ಆಚೆ ಹಾಲು ಉಕ್ಕಿದರೆ ಅದು ಯಾರ ಮನೆಯ ಹಾಲು, ಅದಕ್ಕೆ ಎಷ್ಟು ನೀರು ಬೆರೆಸಿದ್ದಾರೆ, ಬೆರೆಸಿದ್ದು ಗಂಡನೋ ಹೆಂಡತಿಯೋ ಎನ್ನುವವರೆಗೆ ಕೂತಲ್ಲಿಂದಲೇ ಹೇಳುತ್ತಿದ್ದ. ಇದರಲ್ಲಿ ಅರ್ಧ ಸುಳ್ಳು ಎನ್ನುವವರಿಗೆ ಉಳಿದರ್ಧವೇ ಧಾರಾಳವಾಯಿತು: ಇಪ್ಪತ್ತಾರು ವರ್ಷ ಅವನು ಮೂಸಿ ‘ಹೂಂ’ ಅನ್ನದೆ ಆ ಕಾರ್ಖಾನೆಯಿಂದ ಒಂದು ಬಿಲ್ಲೆ ಸಾಬೂನೂ ಹೊರಗೆ ಹೋದದ್ದಿಲ್ಲ.

ಆ ಮೂಗು ಸತ್ತು ಎರಡು ವರ್ಷವಾಗಿತ್ತು.

ಹನ್ನೊಂದು ದಿನ ಜ್ವರ ಬಂದಿತ್ತು, ಅಷ್ಟೆ. ಜ್ವರ ಬಿಟ್ಟ ಬೆಳಿಗ್ಗೆ ಹೆಂಡತಿ ಒಲೆಯ ಮೇಲೆ ಪಾತ್ರೆ ಸೀಯಿಸಿ ಮನೆಯೆಲ್ಲ ಹೊಗೆ ಮಾಡಿದರೂ ಅವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ. “ಏನ್ರೀ, ಇಷ್ಟು ಹೊತ್ತು ಮೂಗು ಎಲ್ಲಿ ಅಡ ಇಟ್ಟಿದ್ರಿ?” ಎಂದಳು ಅವಳು. “ಜ್ವರದ ಮೂಗು ಕಣೆ, ನಾಳೆ ಸರಿಹೋಗುತ್ತೆ” ಎಂದ. ಸರಿಹೋಗಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸಾಬೂನು, ಸೀಮೆಎಣ್ಣೆ, ಕೊನೆಗೆ ತನ್ನ ಚಪ್ಪಲಿಯನ್ನೂ ಮೂಸಿ ನೋಡಿದ. ಪ್ರಪಂಚವನ್ನು ಯಾರೋ ತೊಳೆದು ಒಣಗಿಸಿ ಇಟ್ಟಂತಿತ್ತು. ಐವತ್ತನಾಲ್ಕು ವರ್ಷ ವಯಸ್ಸು, ಮೂಸುವುದೊಂದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಹೆಂಡತಿಗೂ ಹೇಳದೆ ಕೆಲಸಕ್ಕೆ ಹೋದ.

ದಿನಾ ಒಂಬತ್ತು ಗಂಟೆಗೆ ಹಿಂದಿನ ದಿನದ ಸಾಬೂನಿನ ಮೂರು ಮಾದರಿ ಬಿಲ್ಲೆಗಳನ್ನು ಟ್ರೇಯಲ್ಲಿಟ್ಟು ಅವನ ಮೇಜಿಗೆ ತರುತ್ತಿದ್ದವಳು ಪೊಟ್ಟಣ ಕಟ್ಟುವ ವಿಭಾಗದ ಹಿರಿಯಳು. ಎಲ್ಲರಿಗೂ ಆಕೆ ಪೊಟ್ಟಣದಕ್ಕ. ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು; ಆಕೆ ಕಾಗದ ಮಡಿಸುವ ವೇಗಕ್ಕೆ ಬೀಸುವ ಗಾಳಿಯಲ್ಲಿ ಪಕ್ಕದವರಿಗೆ ನೆಗಡಿಯಾಗುತ್ತಿತ್ತು. ಮೂಗರಾಜ ಕೆಲಸಕ್ಕೆ ಮರಳಿದ ಮೂರನೆಯ ದಿನ ಎಣ್ಣೆ ಕೆಟ್ಟು ಕಮಟು ಹಿಡಿದಿದ್ದ ಬಿಲ್ಲೆಯೊಂದನ್ನು ಮೂಗಿನ ಕೆಳಗೆ ಆಡಿಸಿ, ಕಣ್ಣು ಅರೆಮುಚ್ಚಿ, ‘ಹೂಂ’ ಅನ್ನಲು ಬಾಯಿ ತೆರೆದ. ಆಕೆ ಟ್ರೇಯ ಅಂಚಿನ ಮೇಲಿದ್ದ ಕೈಯನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅವನನ್ನೇ ನೋಡುತ್ತಿದ್ದಳು.

“ಊಹೂಂ” ಎಂದ ಮೂಗರಾಜ.

ಅಂದಿನಿಂದ ಅದೇ ನಡೆಯಿತು. ಕೈ ಟ್ರೇಯ ಮೇಲಿದ್ದರೆ ಮಾಲು ಒಳ್ಳೆಯದು, ಜೇಬಿಗೆ ಹೋದರೆ ಕೆಟ್ಟದ್ದು. ಅವನು ರೆಪ್ಪೆಯನ್ನು ಒಂದು ಎಳೆಯಷ್ಟು ಎತ್ತಿ ನೋಡುತ್ತಿದ್ದ. ಎರಡು ವರ್ಷದಲ್ಲಿ ಆಕೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವನೂ ಕೇಳಲಿಲ್ಲ. ಊಟಕ್ಕೆ ಮಾತ್ರ ಎದುರುಬದುರು ಕೂರುತ್ತಿದ್ದರು. “ಏನು ಮೂಗಣ್ಣ, ಇವತ್ತು ನಿಮ್ಮ ಮನೇಲಿ ಉಪ್ಪಿಗೆ ರಜೆಯಾ?” ಎಂದು ಆಕೆ ಅವನ ಡಬ್ಬಿಗೆ ಚಿಟಿಕೆ ಉಪ್ಪು ಉದುರಿಸುತ್ತಿದ್ದಳು.

ಆಮೇಲೆ ವ್ರತದ ವಾರ ಬಂತು. ಸಾಹುಕಾರ, ಮೇಸ್ತ್ರಿ, ಕೆಲಸಗಾರರಲ್ಲಿ ಅರ್ಧ ಜನ, ಮೂಗರಾಜನೂ ಸೇರಿ, ಒಂದು ಮತದವರು. ಆ ಏಳು ದಿನ ಅವರು ಮಾಂಸ ಮುಟ್ಟುವಂತಿಲ್ಲ. ಉಳಿದರ್ಧ ಜನಕ್ಕೆ, ಪೊಟ್ಟಣದಕ್ಕನಿಗೆ ಕೂಡ, ಆ ಕಟ್ಟಳೆ ಇರಲಿಲ್ಲ. ಮೊದಲೆಲ್ಲ ಅವರವರ ಡಬ್ಬಿ ಅವರವರ ಪಾಡಿಗಿತ್ತು. ಒಂದು ವರ್ಷ ಊಟದ ಕೋಣೆಯ ಗೋಡೆಗೆ ‘ದಯವಿಟ್ಟು’ ಎಂದು ಶುರುವಾಗುವ ಚೀಟಿ ಅಂಟಿತು. ಮರುವರ್ಷ ದಯವಿಟ್ಟು ಹೋಯಿತು. ಈ ವರ್ಷ ಅಕ್ಷರಗಳು ಎಷ್ಟು ದಪ್ಪಗಿದ್ದವೆಂದರೆ ಓದು ಬಾರದವರೂ ಓದಿ ಹೆದರಿದರು: ವ್ರತದ ವಾರ ಕಾಂಪೌಂಡಿನೊಳಗೆ ಮಾಂಸ ತಂದವರಿಗೆ ಕೆಲಸವಿಲ್ಲ. ಪೊಟ್ಟಣದಕ್ಕ ಏಳು ದಿನಕ್ಕೂ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಎಂದು ತೀರ್ಮಾನಿಸಿದಳು. “ಆಲೂಗಡ್ಡೆ ಯಾವ ಮತಕ್ಕೂ ಸೇರಿಲ್ಲ ಅಂದ್ಕೊಂಡಿದೀನಿ. ಸೇರಿದ್ರೆ ಮೊದಲೇ ಹೇಳ್ಬಿಡಿ” ಎಂದಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಮೊದಲ ಪಾಳಿಯ ಹದಿನಾಲ್ಕು ಜನ ಉಂಡು ಡಬ್ಬಿ ತೊಳೆದಿದ್ದರು. ಎರಡನೆಯ ಪಾಳಿಗೆ ಬಂದು ಕೂತ ಮೇಸ್ತ್ರಿ ತುತ್ತನ್ನು ಬಾಯಿಯ ಹತ್ತಿರ ತಂದವನು ಹಾಗೇ ಕೈ ತಡೆದ. ಮೇಸ್ತ್ರಿಯ ಭಕ್ತಿ ಕನ್ನಡಿಯಂಥದ್ದು, ಪಕ್ಕದ ಬೀದಿಯಲ್ಲಿ ಯಾರಾದರೂ ಸೀನಿದರೂ ಬಿರುಕು ಬಿಡುತ್ತಿತ್ತು. ಆದರೆ ಆ ದಿನ ವಾಸನೆ ನಿಜವಾಗಿಯೂ ಇತ್ತು. ಸುಟ್ಟ ಕೊಬ್ಬಿನ ವಾಸನೆ ಕೋಣೆಯ ತುಂಬ ಹರಡಿತ್ತು.

“ಯಾರೋ ಮಾಂಸ ತಿಂದಿದಾರೆ” ಎಂದ ಮೇಸ್ತ್ರಿ, ಡಬ್ಬಿ ಆಚೆ ತಳ್ಳುತ್ತ. “ಇಲ್ಲೇ ಕೂತು, ಬೇಕು ಅಂತಲೇ.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಸಂಜೆಗೆ ಮರೆಯುತ್ತಿತ್ತು. ತಣ್ಣಗೆ ಎದ್ದು ಸಾಹುಕಾರನನ್ನು ಕರೆತಂದ. ಹದಿನಾಲ್ಕು ಜನರನ್ನೂ ವಾಪಸು ಕರೆಸಿ, ಉದ್ದನೆಯ ಮೇಜಿನ ಹಿಂದೆ ಸಾಲಾಗಿ ನಿಲ್ಲಿಸಿ, ಎದುರಿಗೆ ತೊಳೆದ ಡಬ್ಬಿಗಳನ್ನು ಮುಚ್ಚಳ ತೆಗೆದು ಇಡಿಸಿದರು.

“ಇದು ಡಬ್ಬಿ ವಾಸನೆ ಅಲ್ಲ ಸಾಹುಕಾರ್ರೆ” ಎಂದಳು ಪೊಟ್ಟಣದಕ್ಕ.

“ಮತ್ತೆ ಎಲ್ಲಿಂದ ಬಂತು? ಆಕಾಶದಿಂದ ಬಿತ್ತಾ?” ಎಂದ ಮೇಸ್ತ್ರಿ.

ಆಕೆ ಸಾಹುಕಾರನ ಮುಖ ನೋಡಿದಳು. ಏನೋ ಹೇಳಲು ಹೊರಟವಳು ಬಾಯಿ ಮುಚ್ಚಿಕೊಂಡಳು.

“ಜಗಳ ಯಾಕೆ? ನಮ್ಮಲ್ಲಿ ಮೂಗರಾಜ್ರು ಇದಾರೆ” ಎಂದ ಸಾಹುಕಾರ. “ಅವರು ಯಾವ ಡಬ್ಬಿ ಅಂತಾರೋ ಆ ಡಬ್ಬಿ.”

ವ್ರತದ ವಾರ ಎರಡನೆಯ ಪಾಳಿಯಲ್ಲಿ ಉಣ್ಣುತ್ತಿದ್ದ ಮೂಗರಾಜ ಆ ಹೊತ್ತಿಗೆ ಬಂದ. ಕೋಣೆಯಲ್ಲಿ ನಾರುತ್ತಿದೆ ಎಂಬುದೇ ಅವನಿಗೆ ಇತರರ ಮುಖ ನೋಡಿ ತಿಳಿಯಿತು. ಅವನೂ ಮುಖ ಸಿಂಡರಿಸಿದ. ಹದಿನಾಲ್ಕನ್ನೂ ಮೂಸುವುದು, ಯಾವುದರಲ್ಲೂ ಏನೂ ಇಲ್ಲ ಎಂದು ಕೈ ಕೊಡವುವುದು, ಇದು ಅವನ ಲೆಕ್ಕಾಚಾರ. ಯಾರಿಗೂ ಕೆಡುಕಾಗುವುದಿಲ್ಲ. ಮೂಗಿನ ಮಾತನ್ನು ತೆಗೆದುಹಾಕುವ ಗಂಡಸು ಆ ಕಾರ್ಖಾನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮೊದಲ ಡಬ್ಬಿ ಎತ್ತಿದ, ಮೂಸಿದ, ಇಳಿಸಿದ. ಎರಡು, ಮೂರು. ತಲೆ ಎತ್ತಲಿಲ್ಲ. ಎಂಟು ಡಬ್ಬಿ ಹಾಗೇ ಹೋಯಿತು.

ಒಂಬತ್ತನೆಯ ಡಬ್ಬಿಯ ಹಿಂದೆ ಪೊಟ್ಟಣದಕ್ಕ ನಿಂತಿದ್ದಳು. ಕೈಯಲ್ಲಿ ವಸ್ತು, ಎದುರಿಗೆ ಆಕೆಯ ನೀಲಿ ಏಪ್ರನ್ನು. ಎರಡು ವರ್ಷ ಪ್ರತಿ ಬೆಳಿಗ್ಗೆ ಮಾಡಿದ್ದನ್ನು ಅವನ ದೇಹ ಅವನನ್ನು ಕೇಳದೆಯೇ ಮಾಡಿತು. ಕಣ್ಣು ಅರೆಮುಚ್ಚಿತು, ರೆಪ್ಪೆ ಒಂದು ಎಳೆ ಎದ್ದಿತು, ದೃಷ್ಟಿ ಆಕೆಯ ಕೈಯನ್ನು ಹುಡುಕಿತು. ಕೈ ಮೇಜಿನ ಅಂಚಿನ ಮೇಲಿತ್ತು. ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದ ಹೊತ್ತಿನಲ್ಲೂ ಆಕೆ ಅವನಿಗೆ ಉತ್ತರ ಹೇಳಿಕೊಡುತ್ತಿದ್ದಳು: ಇದು ಚೊಕ್ಕಟ. ಅದನ್ನು ಕಂಡು ಅವನು ಪೂರ್ತಿ ಕಣ್ಣು ಬಿಟ್ಟು ಆಕೆಯ ಮುಖ ನೋಡಿದ.

“ನಿಂತುಬಿಟ್ರು ನೋಡಿ” ಎಂದ ಮೇಸ್ತ್ರಿ.

“ಇದೇನಾ?” ಸಾಹುಕಾರ ಕೇಳಿದ.

“ಇಲ್ಲ, ಇದಲ್ಲ” ಎಂದ ಮೂಗರಾಜ. “ಇದರಲ್ಲಿ ಏನೂ ಇಲ್ಲ.”

“ಎಂಟು ಡಬ್ಬಿ ಹತ್ರ ತಲೆ ಎತ್ತಲಿಲ್ಲ ನೀವು” ಎಂದ ಸಾಹುಕಾರ. “ ಇಲ್ಲಿ ಮಾತ್ರ ಯಾಕೆ ಆಕೆ ಮುಖ ನೋಡಿದ್ರಿ?”

ಅದಕ್ಕೆ ಉತ್ತರ ಒಂದೇ ಇತ್ತು. ಅದನ್ನು ಹೇಳಿದರೆ ಮೂಗು ಸತ್ತದ್ದು ಹೇಳಿದಂತೆ, ಎರಡು ವರ್ಷ ಒಂದು ಹೆಂಗಸಿನ ಕೈ ನೋಡಿ ‘ಹೂಂ’, ‘ಊಹೂಂ’ ಎಂದದ್ದು ಹೇಳಿದಂತೆ. ನಾಳೆಯಿಂದ ಆ ಮೇಜು, ಆ ಕುರ್ಚಿ, ಆ ಹೆಸರು ಮೂರೂ ಇಲ್ಲ. ಪೊಟ್ಟಣದಕ್ಕ ಕಾಯುತ್ತಿದ್ದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೇಳಿಯೇ ಹೇಳುತ್ತಾನೆ ಎಂದುಕೊಂಡಿದ್ದವಳಂತೆ ಕಾಣುತ್ತಿದ್ದಳು. ಆ ಮೌನದಲ್ಲಿ ಒಂದು ಮಗು ಹುಟ್ಟಿ, ಶಾಲೆ ಮುಗಿಸಿ, ಮದುವೆಯಾಗಿ, ಮೊಮ್ಮಕ್ಕಳನ್ನು ಆಡಿಸಬಹುದಿತ್ತು.

“ಪಾಪ, ಮುಲಾಜು” ಎಂದ ಮೇಸ್ತ್ರಿ. “ದಿನಾ ಜೊತೇಲಿ ಕೂತು ಉಣ್ಣೋರು. ಬಾಯಲ್ಲಿ ಹೇಗೆ ಹೇಳ್ತಾರೆ?”

ಮೂಗರಾಜ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಸದ್ದಾಗದಂತೆ ಇಟ್ಟ.

ಪೊಟ್ಟಣದಕ್ಕ ಮೇಜಿನ ಅಂಚಿನಿಂದ ಕೈ ತೆಗೆದಳು. ಏಪ್ರನ್ ಬಿಚ್ಚಿ, ಸಾಬೂನಿನ ಕಾಗದ ಮಡಿಸುವಷ್ಟೇ ನೀಟಾಗಿ ನಾಲ್ಕು ಮಡಿಕೆ ಮಾಡಿ ಇಟ್ಟಳು. “ಇಷ್ಟು ವರ್ಷ ತಪ್ಪದ ಮೂಗು. ಇವತ್ತು ತಪ್ಪೋದುಂಟಾ” ಎಂದು ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಉಳಿದ ಐದು ಡಬ್ಬಿ ಯಾರೂ ಮೂಸಲಿಲ್ಲ.

ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಕಡಾಯಿಯವನು ಸಿಕ್ಕಿದ. ಊಟದ ಕೋಣೆಯ ಗೋಡೆಯಾಚೆಯ ಶೆಡ್ಡಿನಲ್ಲಿ ಸಾಬೂನು ಕುದಿಸುವವನು ಅವನು. “ಮಧ್ಯಾಹ್ನ ನನ್ನ ಕಡಾಯಿ ತಳ ಹಿಡೀತು ಮೂಗಣ್ಣ” ಎಂದ, ಅತ್ತಿತ್ತ ನೋಡಿ. “ಕೊಬ್ಬು ಸುಟ್ಟು ಆ ಕಡೆ ಗಾಳಿಗೆ ಹೊಡೀತು. ನಿಮಗಂತೂ ಗೊತ್ತೇ ಇರುತ್ತೆ. ಸಾಹುಕಾರರ ಮಾನ ಉಳಿಸೋಕೆ ಸುಮ್ಮನಿದ್ರಿ ಅಂದ್ಕೊಂಡೆ. ದೊಡ್ಡ ಮನಸ್ಸು.”

ಕೊಬ್ಬು ಎಂದರೆ ದನದ್ದೋ ಕುರಿಯದ್ದೋ, ಅಗ್ಗಕ್ಕೆ ಸಿಕ್ಕ ಯಾವುದೋ. ಪೊಟ್ಟಣದ ಮೇಲೆ ಮಾತ್ರ ಹಸಿರು ಅಕ್ಷರದಲ್ಲಿ ‘ಬರೀ ಸಸ್ಯದ ಎಣ್ಣೆಯಿಂದ’ ಎಂದಿತ್ತು. ಇದು ಒಳಗಿನ ಕೆಲವರಿಗೆ ಗೊತ್ತಿತ್ತು, ಕಡಾಯಿಯ ಶೆಡ್ಡಿಗೆ ಕಾಲಿಡದ ಮೇಸ್ತ್ರಿಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ವ್ರತದ ವಾರದಲ್ಲಿ ಮೂಗರಾಜ ಬರೀ ನೀರಿನಲ್ಲಿ ಸ್ನಾನ ಮಾಡುತ್ತಿದ್ದ. ಸಾಬೂನು ಬಲ್ಲ, ಜೀವ ಇರುವ ಯಾವ ಮೂಗೇ ಆದರೂ ಆ ಕೋಣೆಗೆ ಕಾಲಿಟ್ಟ ಗಳಿಗೆ ಗೋಡೆಯ ಕಡೆ ಬೆರಳು ತೋರಿಸುತ್ತಿತ್ತು. ಅವನು ನಲ್ಲಿ ತಿರುಗಿಸುವುದನ್ನೇ ಮರೆತು ನಿಂತ.

ಮರುದಿನ ಬೆಳಿಗ್ಗೆ ಸಾಹುಕಾರನ ಕೋಣೆಗೆ ಹೋಗಿ, ಮೂಗು ಸತ್ತಿರುವುದನ್ನು ಹೇಳಿದ. ಜ್ವರದಿಂದ ಹಿಡಿದು ಟ್ರೇಯ ಮೇಲಿನ ಕೈಯವರೆಗೆ ಎಲ್ಲ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಒಂದಿಷ್ಟೂ ಉಪ್ಪುಖಾರ ಸೇರಿಸದೆ ಮಾತಾಡಿದ್ದ.

ಸಾಹುಕಾರ ಎದ್ದು ಬಾಗಿಲು ಮುಚ್ಚಿ ಬಂದ. “ಆಕೆ ಅಲ್ಲದಿದ್ರೆ ವಾಸನೆ ಎಲ್ಲಿಂದ ಬಂತು ಅಂತ ನಾನು ಹೇಳಬೇಕಾಗುತ್ತೆ.”

“ಹೌದು.”

“ಮೇಸ್ತ್ರಿಗೆ ಹೇಳಲಾ? ನಾಲ್ಕು ದಿನದಿಂದ ಯಾವ ಸಾಬೂನಲ್ಲಿ ಮೈ ತಿಕ್ಕೊಂಡು ಪೂಜೆಗೆ ಕೂರ್ತಿದೀರಿ ಅಂತ ಹೇಳಲಾ? ಅವರು ಅಂಗಡಿ ಅಂಗಡಿಗೂ ಹೇಳ್ಕೊಂಡು ಬರ್ತಾರೆ. ಆಮೇಲೆ ಇಲ್ಲಿ ಯಾರಿಗೂ ಕೆಲಸ ಇರಲ್ಲ.” ಅವನು ಮೂಗರಾಜನ ಹೆಗಲ ಮೇಲೆ ಕೈಯಿಟ್ಟ. “ನಿಮ್ಮ ಮೂಗು ಸರಿಯಾಗೇ ಇದೆ. ನಿನ್ನೆ ಊರೆಲ್ಲ ಅದನ್ನೇ ಹೊಗಳ್ತಿತ್ತು. ಹೋಗಿ ಕೂತ್ಕೊಳ್ಳಿ.”

ಹೋಗಿ ಕೂತ. ಒಂಬತ್ತು ಗಂಟೆಗೆ ಬೇರೊಬ್ಬ ಹೆಂಗಸು ಟ್ರೇ ತಂದಿಟ್ಟು, ತಿರುಗಿಯೂ ನೋಡದೆ ಹೋದಳು. ಮೂರು ಬಿಲ್ಲೆಗೂ ‘ಹೂಂ’ ಎಂದ.

ಭಾನುವಾರ ಬೆಳಿಗ್ಗೆ ಪೊಟ್ಟಣದಕ್ಕನ ಮನೆಗೆ ಹೋದ. ಎರಡನೆಯ ಮಹಡಿ, ಮೆಟ್ಟಿಲ ಪಕ್ಕದ ಒಂದೇ ಕೋಣೆ. ಬಾಗಿಲು ತೆರೆದಿತ್ತು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತಟತಟ ಕುಣಿಯುತ್ತಿತ್ತು. ಆಕೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನು ಹೊಸ್ತಿಲಲ್ಲೇ ನಿಂತು ಸಾಹುಕಾರನಿಗೆ ಎಲ್ಲ ಹೇಳಿಬಿಟ್ಟೆ ಎಂದ. ಆತ ಒಪ್ಪಲಿಲ್ಲ ಎಂದ. ಇನ್ನೊಂದು ಸಲ ಹೇಳಿ ನೋಡುತ್ತೇನೆ ಎಂದ.

“ಯಾವಾಗ ಹೇಳಿದ್ರಿ?”

“ಮಾರನೇ ದಿನ. ಬೆಳಿಗ್ಗೆ. ಕೋಣೆಯಲ್ಲಿ.”

“ಬಾಗಿಲು ಹಾಕ್ಕೊಂಡು.”

ಆಕೆ ಸೌಟು ಕೆಳಗಿಟ್ಟು ಪಾತ್ರೆಯ ಕಡೆ ಗಲ್ಲ ತೋರಿಸಿದಳು.

“ಒಲೆ ಮೇಲೆ ಏನಿದೆ, ಹೇಳಿ ನೋಡೋಣ ಮೂಗಣ್ಣ.”

ಆವಿ ಹೊಸ್ತಿಲವರೆಗೂ ಬರುತ್ತಿತ್ತು. ಮುಖಕ್ಕೆ ಬಿಸಿ ತಗುಲಿತು, ಅಷ್ಟೆ. ಭಾನುವಾರ, ವ್ರತದ ವಾರದ ಕೊನೆಯ ದಿನ, ಈಗ ಆಕೆಗೆ ಯಾರ ಚೀಟಿಯ ಹಂಗೂ ಇಲ್ಲ. ಇವನ್ನೆಲ್ಲ ಕೂಡಿಸಿ ಕಳೆದು ಏನೋ ಒಂದು ಹೇಳಿಬಿಡಬಹುದಿತ್ತು. ಆಲೂಗಡ್ಡೆಯೂ ಇರಬಹುದಿತ್ತು.

“ಗೊತ್ತಾಗ್ತಿಲ್ಲ” ಎಂದ. “ನನಗೆ ಏನೂ ಗೊತ್ತಾಗಲ್ಲ ಅಕ್ಕ. ಎರಡು ವರ್ಷ ಆಯ್ತು.”

“ನನಗೆ ಗೊತ್ತಿರೋದನ್ನ ನನಗೆ ಹೇಳೋಕೆ ಇಷ್ಟು ಮೆಟ್ಟಿಲು ಹತ್ತಿ ಬಂದ್ರಾ?” ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಹದಿಮೂರು ಜನ ನಿಂತಿದ್ರು ನನ್ನ ಜೊತೆ. ಅವರ ಮುಂದೆ ಹೇಳಬೇಕಿತ್ತು.”

ಒಲೆ ಸಣ್ಣದು ಮಾಡಿ ಬಂದು, ಅವನ ಕಾಲು ಹೊಸ್ತಿಲಿನಿಂದ ಹಿಂದೆ ಸರಿಯುವವರೆಗೆ ಕಾದು, ಬಾಗಿಲು ಮುಚ್ಚಿದಳು. ಮೂಗರಾಜ ಮೆಟ್ಟಿಲಿಳಿಯತೊಡಗಿದ. ಮಹಡಿಯ ಯಾರೋ ಎದುರು ಸಿಕ್ಕಿ, ಗಾಳಿ ಎಳೆದುಕೊಂಡು, “ಆಹಾ, ಅಕ್ಕನ ಮನೇಲಿ ಏನು ಘಮಘಮ” ಎಂದು ನಕ್ಕರು. ಅವನೂ ತಲೆಯಾಡಿಸಿ ನಕ್ಕ, ಹೌದು ಹೌದು ಎಂದ.