ಹಿಂದಕ್ಕೆ ಚಾಚಿದ ಕೈ

...ದಪ್ಪ ಅಂಚು ಮೇಲೆ ಇರಬೇಕಿತ್ತಲ್ಲವೇ, ಹೌದು, ಮೇಲೇ, ಇಪ್ಪತ್ತೆರಡು ವರ್ಷ ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಅವಳ ಬೆರಳುಗಳಿಗೇ ಬಾಯಿಪಾಠವಾದ ಸಂಗತಿ, ಆದರೆ ಗೇರ್‌ಬಾಕ್ಸಿನ ಭಾಗಗಳನ್ನು ಜೋಡಿಸಿಟ್ಟಿದ್ದ ಬಟ್ಟೆಯ ಮೇಲೆ ಉಳಿದ ಎಣ್ಣೆಗುರುತು ಬೇರೆಯೇ ಹೇಳುತ್ತಿದೆ — ಮೂರನೇ ಗೇರಿನ ಹಬ್, ಆ ಹಲ್ಲಿನ ಬಳೆ, ಕೂತಿದ್ದ ಜಾಗದಲ್ಲಿ ತೆಳ್ಳನೆಯ ಗೆರೆಯ ಬದಲು ದಪ್ಪ ಉಂಗುರ, ಅಂದರೆ ಅವಳು ಅದನ್ನು ಮಗುಚಿ ಇಟ್ಟಿದ್ದಳು, ಮಗಳ ಫೋನು ಬಂದಾಗಲೇ ಇರಬೇಕು, ಅಮ್ಮಾ ನೀನು ಯಾವಾಗ್ಲೂ ಆ ಶೆಡ್ಡಲ್ಲೇ ಯಾಕೆ ಬಿದ್ದಿರ್ತೀಯ, ಅಪ್ಪಂಗೇನು ಕೈಯಿಲ್ವಾ, ಎಂದು ಮಗಳು ರೇಗುತ್ತಿದ್ದಾಗ — ಕೈಯಿದೆ ತಾಯೀ, ಕೈಗೇನಾಗಿದೆ, ಇಗೋ ಈಗಲೂ ಹಿಂದಕ್ಕೆ ಚಾಚುತ್ತಿದೆ, ತಿರುಗಿ ನೋಡದೆ, ಅಂಗೈ ಬಿಚ್ಚಿಕೊಂಡು, ಅವಳು ಬೋಲ್ಟು ಇಡುತ್ತಾಳೆ, ಬೆರಳುಗಳು ಮಡಚಿಕೊಳ್ಳುತ್ತವೆ, ಮಗುಚಿದ ಹಬ್ ಒಳಗಿರುವಂತೆಯೇ ಗಂಡ ಪೆಟ್ಟಿಗೆಯ ಮುಚ್ಚಳ ಬಿಗಿಯುತ್ತಾನೆ, ಇನ್ನು ಮೂರು ಬೋಲ್ಟು. ಮೊದಲೆಲ್ಲ ಹೀಗಿರಲಿಲ್ಲ, ಕೊಟ್ಟದ್ದನ್ನು ಬೆಳಕಿಗೆ ಹಿಡಿದು ಒಮ್ಮೆ ಹೊರಳಿಸಿ ನೋಡದೆ ಕೂರಿಸುತ್ತಿದ್ದವನೇ ಅಲ್ಲ, ಎರಡು ತಿಂಗಳ ಹಿಂದೆ ಇಂಥದ್ದೇ ಒಂದು ಹಬ್ ಅನ್ನು ಕೈಯಲ್ಲಿ ತಿರುಗಿಸಿದ, ತಿರುಗಿಸಿದ, ಮದುವೆಮನೆಯಲ್ಲಿ ಎದುರಾದ ನೆಂಟನ ಹೆಸರು ಮರೆತವನ ಹಾಗೆ ಅದನ್ನೇ ನೋಡುತ್ತ ನಿಂತ, ಹೀಗಲ್ವೇನ್ರೀ ಎಂದು ಅವಳು ಸರಿಯಾಗಿ ತಿರುಗಿಸಿ ಕೊಟ್ಟಿದ್ದಕ್ಕೆ ಎರಡು ದಿನ ಶೆಡ್ಡಿಗೇ ಕಾಲಿಡಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದ. ಆಮೇಲೆ ಅವಳು ಬಾಯಿ ಬಿಡಲಿಲ್ಲ, ಒಂದೊಂದು ಭಾಗವನ್ನೂ ಕೂರಬೇಕಾದ ದಿಕ್ಕಿಗೇ ಜೋಡಿಸಿಟ್ಟಳು, ಹಾಗೇ ಎತ್ತಿ ಕೊಟ್ಟಳು, ಹಾಗೇ ಕೂರಿಸಿದ, ಒಂದು ದಿನ ಊಟಕ್ಕೆ ಕೂತಾಗ ನಕ್ಕ ಕೂಡ — ನೋಡೇ, ಕೈ ತಾನಾಗೇ ಹೋಗ್ತಿದೆ, ಮದುವೆಯಾದ ಹೊಸತರಲ್ಲಿ ಹೋಗ್ತಿತ್ತಲ್ಲ, ಹಾಗೆ.

ಹೊರಗೆ ಸ್ಟೂಲಿನ ಮೇಲೆ ಶಾಲೆ ವ್ಯಾನಿನ ಡ್ರೈವರು, ಮೇಸ್ತ್ರೀ, ಗೇರ್‌ಬಾಕ್ಸ್ ಕಟ್ತಿದೀರೋ ಒಡವೆ ಮಾಡ್ತಿದೀರೋ, ಅರ್ಜೆಂಟಿದ್ರೆ ತಳ್ಕೊಂಡು ಹೋಗಪ್ಪಾ ಎಂದು ಇವನು, ಇಬ್ಬರೂ ನಗುತ್ತಾರೆ, ಅಕ್ಕಾ ಈ ಸಲ ಇಳಿಜಾರಲ್ಲಿ ಮೂರನೇ ಗೇರು ಜಿಗಿದು ಕಳಚ್ಕೊಳಲ್ಲ ತಾನೆ ಎಂದು ಡ್ರೈವರು ಅವಳನ್ನು ಕೇಳುತ್ತಾನೆ, ಅವತ್ತು ಗಾಡಿ ಹಿಡಿತಕ್ಕೇ ಸಿಗ್ಲಿಲ್ಲ, ಮಕ್ಕಳು ಉಯ್ಯಾಲೆ ಅಂದ್ಕೊಂಡು ಚಪ್ಪಾಳೆ ತಟ್ಟಿದ್ವು — ಜಿಗಿಯುತ್ತದೆ, ಜಿಗಿಯದೆ ಇನ್ನೇನು, ಹಬ್ ಮಗುಚಿದ್ದರೆ ಹಲ್ಲು ಅರ್ಧಕ್ಕೇ ಕಚ್ಚಿಕೊಂಡಿರುತ್ತದೆ, ಹದಿನಾಲ್ಕು ಮಕ್ಕಳು — ಇನ್ನೆರಡು ಬೋಲ್ಟು. ನಾನೇ ತಪ್ಪಿಟ್ಟೆ ಕಣ್ರೀ ಅಂದರಾಯಿತು, ಮೂರೇ ಮಾತು, ಆದರೆ ನೀನು ಹೇಗಿಟ್ರೇನು, ದಿಕ್ಕು ನೋಡೋದು ನಾನಲ್ವಾ ಅನ್ನುತ್ತಾನೆ, ಯಾವತ್ತಿಂದ ನೀನು ದಿಕ್ಕು ನೋಡಿ ಇಡ್ತಿದೀಯ ಅನ್ನುತ್ತಾನೆ, ಆಮೇಲೆ ಲೆಕ್ಕ ಹಾಕುತ್ತಾನೆ, ಎರಡು ತಿಂಗಳಲ್ಲಿ ಕಟ್ಟಿದ ಒಂದೊಂದು ಪೆಟ್ಟಿಗೆಯನ್ನೂ ಮನಸ್ಸಿನಲ್ಲೇ ಬಿಚ್ಚುತ್ತಾನೆ, ಮತ್ತೆ ಗೋಡೆ, ಆ ಬೆನ್ನು, ಅಯ್ಯೋ ಆ ಬೆನ್ನು — ಕೈ ಮತ್ತೆ ಹಿಂದಕ್ಕೆ ಬಂದಿದೆ, ಕೊನೆಯ ಬೋಲ್ಟಿಗೆ, ಅದು ಅವಳ ಮುಷ್ಟಿಯಲ್ಲಿ ಬಿಸಿಯಾಗಿದೆ, ಏನೇ, ನಿದ್ದೆ ಹೋದ್ಯಾ, ಅನ್ನುತ್ತಾನೆ, ಉಯ್ಯಾಲೆ, ಚಪ್ಪಾಳೆ, ಅವಳು ಬೋಲ್ಟನ್ನು ಸೀಮೆಎಣ್ಣೆಯ ತಟ್ಟೆಗೆ ಬಿಡುತ್ತಾಳೆ, ಗೋಡೆಯ ಮೊಳೆಯಿಂದ ಮೂರು ಕಾಲಿನ ಪುಲ್ಲರನ್ನು ಇಳಿಸುತ್ತಾಳೆ, ಕೂರಿಸಿದ್ದನ್ನು ಕಿತ್ತು ತೆಗೆಯುವುದಕ್ಕಲ್ಲದೆ ಇನ್ನಾವುದಕ್ಕೂ ಬಾರದ ಸಾಮಾನು, ಅದನ್ನು ಆ ಅಂಗೈಯ ಮೇಲೆ ಮೆಲ್ಲಗೆ, ಕೂಸನ್ನು ಮಲಗಿಸುವ ಹಾಗೆ ಇಡುತ್ತಾಳೆ. ಕೈ ಅದರ ಭಾರಕ್ಕೆ ಸ್ವಲ್ಪ ಕೆಳಗಿಳಿಯುತ್ತದೆ. ಬೆರಳುಗಳು ಮಡಚಿಕೊಳ್ಳುವುದಿಲ್ಲ.