ಐವತ್ತೇಳು ಚುಕ್ಕೆ ಐವತ್ತು

ಇಳಕಲ್ಲಿನ ಹೊರಗಿರುವ ಕಲ್ಲಿನ ಕ್ವಾರಿಗಳು ಅವಳಿಜವಳಿಗಳಿದ್ದ ಹಾಗೆ, ಯಾವುದು ಯಾವುದೆಂದು ಹೇಳುವುದು ಕಷ್ಟ. ಅಂಥ ಒಂದರ ತಳದಲ್ಲಿ, ಮಟಮಟ ಮಧ್ಯಾಹ್ನ, ಕಲ್ಲು ಅಳೆಯುವ ಅಮಾತೆಪ್ಪನಿಗೆ ಬುತ್ತಿ ತಂದ ಹೆಂಡತಿ ಗುರುಲಿಂಗವ್ವನ ಕಾಲಿಗೆ ಹಾವು ಕಚ್ಚಿತು. ರೆಪ್ಪೆ ಜೋತುಬಿದ್ದವು. ಮಾತು ನಿಂತಿತು.

ಅಮಾತೆಪ್ಪ ಮೊಬೈಲಿನಲ್ಲಿ ಕಂಡ ಜಾಗದ ಅಂಕಿಗಳನ್ನು ೧೦೮ಕ್ಕೆ ಹೇಳಿದ. ತುಸು ಹೊತ್ತಿಗೆ ಆಂಬುಲೆನ್ಸಿನ ನರ್ಸ್, ಅವನ ಓಣಿಯ ನೇತ್ರಾಳ ಫೋನ್ ಬಂತು.

"ಕಾಕಾ, ನೀವು ಹೇಳಿದಲ್ಲೇ ಬಂದು ನಿಂತೇವಿ. ಯಾರೂ ಇಲ್ಲಲ್ರಿ."

"ನಾನೂ ಅಲ್ಲೇ ನಿಂತೇನವ್ವ."

ಅವನು ಸುತ್ತ ನೋಡಿದ. ಬಿಸಿಲು, ಬಂಡೆ. ತಾನು ಇದ್ದೇನೋ ಇಲ್ಲವೋ ಎಂದು ತೊಡೆ ಚಿವುಟಿಕೊಂಡ. ನೋವಾಯಿತು, ಧೈರ್ಯ ಬರಲಿಲ್ಲ.

"ಕಾಕೀ" ಎಂದು ನೇತ್ರಾ ಕೂಗಿದ್ದು ಫೋನಿನಲ್ಲಿ ಕೇಳಿತು. ಕ್ವಾರಿಯಲ್ಲಿ ಕೇಳಲಿಲ್ಲ. ಆಮೇಲೆ ಅವಳ ದನಿ ತಗ್ಗಿತು. "ಕಾಕಿ ಓ ಅಂದ್ರು ನೋಡ್ರಿ. ಇಲ್ಲಿ ತಗ್ಗಿನ್ಯಾಗ ನಿಂತ ನೀರಿನ ಕಡಿಂದ."

ಅಮಾತೆಪ್ಪ ಹೆಂಡತಿಯ ಮುಖ ನೋಡಿದ. ತುಟಿ ಅಲುಗಿರಲಿಲ್ಲ.

"ಆ ನೀರಿನ ಹತ್ರ ಹೋಗಬ್ಯಾಡವ್ವ. ಆಕಿ ಬಾಯೇ ಬಿಟ್ಟಿಲ್ಲ. ಇಲ್ಲಿ ನೀರೂ ಇಲ್ಲ."

ಅವಳು ಹಿಂದೆ ಸರಿದ ಹೆಜ್ಜೆಯ ಸದ್ದು ಫೋನಿನಲ್ಲಿ ಕೇಳಿತು.

"ಕಾಕಾ, ಅಂಕಿ ಕಂಡಂಗ ಓದ್ರಿ."

"ಹದಿನೈದು ಡಿಗ್ರಿ, ಐವತ್ತೇಳು ಚುಕ್ಕಿ ಐವತ್ತು. ಅಂದ್ರ ಐವತ್ತೇಳು ಮಿನಿಟು, ಐವತ್ತು ಸೆಕೆಂಡು. ನನಗ ಚುಕ್ಕಿ ಕಲಿಸ್ತೀಯೇನು? ಐದು ಚುಕ್ಕಿ ಆರು ಅಂದ್ರ ಐದು ಫೂಟು ಆರು ಇಂಚು. ಜೀವಮಾನ ಹಂಗ ಬರದೇನಿ."

"ಅದು ನಿಮ್ಮ ಟೇಪಿನ ಲೆಕ್ಕ. ಇಲ್ಲಿ ಚುಕ್ಕಿ ಐವತ್ತು ಅಂದ್ರ ಅರ್ಧ ಮಿನಿಟು. ಅರ್ಧ ಮಿನಿಟಿಗೆ ಎಷ್ಟು ಸೆಕೆಂಡ್ರಿ?"

"ಮೂವತ್ತು," ಎಂದ ಅಮಾತೆಪ್ಪ.

"ನೀವು ಐವತ್ತು ಅಂದ್ರಿ. ಅರ್ಧ ಕಿಲೋಮೀಟರ್ ಮ್ಯಾಲ ಉತ್ತರಕ್ಕ ಬಂದೇವಿ, ಯಾರೂ ಇಲ್ಲದ ಹಾಳು ಕ್ವಾರಿಗೆ. ಮುಂದಿನ ಅಂಕಿನೂ ಕಂಡಂಗ ಓದ್ರಿ. ಕಾಕಿ ಕಾಲು ಅಲುಗಿಸಬ್ಯಾಡ್ರಿ."

ಅವನು ಓದಿದ, ಚುಕ್ಕೆಯನ್ನು ಚುಕ್ಕೆ ಎಂದೇ. ಗಾಡಿ ಬಂತು. ದವಾಖಾನೆಯಲ್ಲಿ ಔಷಧ ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಮಾತು ಬಂದ ಮೇಲೆ ಗುರುಲಿಂಗವ್ವ ಎಂದಳು, "ಕಲ್ಲಾಗಿದ್ರ ಒಂದು ಇಂಚು ಬಿಡ್ತಿದ್ದಿಲ್ಲ ನೀವು. ಹೆಂಡ್ತಿ ಅಂತ ಅರ್ಧ ಕಿಲೋಮೀಟರ್ ಬಿಟ್ರಿ."

"ಇನ್ನ ಕಂಡದ್ದನ್ನಷ್ಟ ಓದ್ತೇನಿ," ಎಂದ ಅಮಾತೆಪ್ಪ.

ಬಂಧುಗಳೇ, ಜಾಗದ ಅಂಕಿಯನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ: ಡಿಗ್ರಿ, ಮಿನಿಟು, ಸೆಕೆಂಡು ಬಿಡಿಸಿ, ಮಿನಿಟಿಗೆ ಚುಕ್ಕೆ ಇಟ್ಟು, ಬರೀ ಡಿಗ್ರಿಗೆ ಚುಕ್ಕೆ ಇಟ್ಟು. ಒಂದನ್ನು ಇನ್ನೊಂದಾಗಿ ಓದಬೇಡಿ. ಸಾಧ್ಯವಾದರೆ ಲೊಕೇಶನ್ನನ್ನೇ ಕಳಿಸಿ; ಹೇಳಲೇಬೇಕಾದರೆ ಕಂಡಂತೆ ಹೇಳಿ, ಮರಳಿ ಓದಿಸಿ ಕೇಳಿ. ತಪ್ಪು ಅಂಕಿಗೂ ಭೂಮಿಯ ಮೇಲೆ ಒಂದು ಜಾಗ ಇದ್ದೇ ಇರುತ್ತದೆ. ನಿಮಗೆಂದು ಹೊರಟ ಗಾಡಿ ಅಲ್ಲಿ ನಿಂತು ಕಾಯುತ್ತದೆ.