ಸತ್ತವಳ ಗುರುತು

ದೆವ್ವವನ್ನು ಕಥೆಯೊಳಗೆ ಯಾವ ಬಾಗಿಲಿನಿಂದ ಕರೆತರಬೇಕು? ವಾರದಿಂದ ಇದೇ ತಲೆನೋವು. ಮುಂಬಾಗಿಲಿನಿಂದ ತಂದರೆ ಓದುವವರು, ಅಂದರೆ ನೀವು, ನಕ್ಕುಬಿಡುತ್ತೀರಿ. ಹಿತ್ತಿಲಿನಿಂದ ತಂದರೆ ವಿಮರ್ಶಕರು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ಗೌರವದಿಂದ ಕೂರಿಸುತ್ತಾರೆ. ನನಗೆ ಎರಡೂ ಬೇಡ. ಹೀಗೆ ಶುರು ಮಾಡಿ ನೋಡೋಣ.

೧

ಅಮಾವಾಸ್ಯೆ. ಗಾಳಿ. ಬಿಳಿ ಸೀರೆ, ಬಿಚ್ಚಿದ ಕೂದಲು, ಎಲ್ಲೋ ಗೆಜ್ಜೆಯ ಸದ್ದು...

(ಬೇಡ. ಇದು ನಲವತ್ತರ ಸುಮಾರಿಗೆ ಕೊಪ್ಪಳದ ಡೇರೆಯಲ್ಲಿ ತೋರಿಸುತ್ತಿದ್ದ ಟಾಕಿ ಸಿನಿಮಾದ ದೆವ್ವ. ಬೇವೂರಿನಿಂದ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದವರೇ "ಅಷ್ಟು ಬೆಳ್ಳನ ಸೀರಿ ಆಕಿಗೆ ಒಗದು ಕೊಟ್ಟವರ್ಯಾರು?" ಎಂದು ಕೇಳಿದ್ದರಂತೆ. ಹರಿದು ಹಾಕಿದೆ.)

೧, ಮತ್ತೊಮ್ಮೆ

ಸಾವಿರದೊಂಬೈನೂರ ನಲವತ್ತರ ಆಸುಪಾಸು. ನಿಜಾಮರ ಸೀಮೆಯ ಬೇವೂರು. ಹಾಡಹಗಲು. ಹಂಪವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಅವಳ ಅತ್ತೆ ಮಾಳವ್ವ ಮತ್ತು ಗಂಡ ದುರುಗಪ್ಪ ಮಾತು ಗಟ್ಟಿ ಮಾಡುತ್ತಿದ್ದರು: ಮಗಳು ಯಮನೂರಮ್ಮನನ್ನು ಇರಕಲ್ಲಗಡದ ವಿರುಪಣ್ಣನಿಗೆ ಕೊಡುವುದು, ನಾಳೆಯೇ ಅರಿಶಿಣ ಹಚ್ಚುವುದು. ಯಮನೂರಮ್ಮನಿಗೆ ಹನ್ನೆರಡು ತುಂಬಿರಲಿಲ್ಲ. ವಿರುಪಣ್ಣ ಮಾಳವ್ವನ ತವರಿನ ಕಡೆಯವನು, ದುರುಗಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವನು, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು.

ಹುಡುಗಿಯನ್ನು ಹಡೆದವಳು ಹಂಪವ್ವ ಅಲ್ಲ, ದುರುಗಪ್ಪನ ಮೊದಲ ಹೆಂಡತಿ ಹುಲಿಗೆವ್ವ. ಮಗಳು ತೊಟ್ಟಿಲಲ್ಲಿದ್ದಾಗಲೇ ಅವಳು ತೀರಿಕೊಂಡಿದ್ದಳು. ಎತ್ತಿ ಆಡಿಸಿ ಬೆಳೆಸಿದವಳು ಹಂಪವ್ವ. ಆದರೆ ಈ ಮದುವೆ ಬೇಡ ಎನ್ನುವ ಹಕ್ಕು ಅವಳಿಗಿರಲಿಲ್ಲ. ಒಮ್ಮೆ ಅಂದು ನೋಡಿದ್ದಳು. "ಮಲತಾಯಿ ಹೊಟ್ಟಿಕಿಚ್ಚು! ಹುಡುಗಿಗೆ ಛಲೋ ಮನಿ ಸಿಕ್ಕದ್ದು ಈಕಿ ಕಣ್ಣಿಗೆ ಹಿಡಸವಲ್ದು" ಎಂದು ಮಾಳವ್ವ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು. ಬೇಡ ಎಂದರೆ ನಡೆಯುವ ಮಾತು ಹಡೆದವಳದು. ಹಡೆದವಳು ಮಣ್ಣಿನಲ್ಲಿದ್ದಳು.

ಹಂಪವ್ವನ ಕೈಯಿಂದ ಮೊರ ಜಾರಿತು. "ನನ್ನ ಮಗಳನ್ನ ಕೊಡಂಗಿಲ್ಲ" ಎಂದಳು. ದನಿ ಬದಲಾಗಿತ್ತು ಎಂದು ಓಣಿಯವರು ಹೇಳಿದರು. ಬದಲಾಗಿತ್ತೋ, ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಮೊದಲು ಕೇಳಿರಲಿಲ್ಲವೋ. "ಏ ದುರುಗ್ಯಾ, ಹೊರಗ ಬಾ!" ಎಂದಾಗ ಮಾತ್ರ ಯಾರಿಗೂ ಅನುಮಾನ ಉಳಿಯಲಿಲ್ಲ. ಜೀವಂತ ಇರುವ ಹೆಂಡತಿ ಗಂಡನನ್ನು ಹಾಗೆ ಕರೆಯುವುದುಂಟೇ? ಹುಲಿಗೆವ್ವ ಮೈಯೊಳಗೆ ಬಂದಿದ್ದಾಳೆ ಎಂದು ತೀರ್ಮಾನವಾಯಿತು.

೨

ನಾನು ವೈಚಾರಿಕ ಲೇಖಕ. ಎರಡನೇ ಡ್ರಾಫ್ಟಿನಲ್ಲಿ "ಹಂಪವ್ವ ನಟಿಸುತ್ತಿದ್ದಳು" ಎಂದು ಬರೆದು ಚಹಾ ಮಾಡಲು ಎದ್ದೆ. ತಿರುಗಿ ಬಂದು ನೋಡಿದರೆ ಸಾಲಿನ ಮೇಲೆ ಗೀಟೆಳೆದು ಕಾಟು ಹೊಡೆದಿತ್ತು. ಎದುರಿಗೆ ಹಂಪವ್ವ ಕೂತಿದ್ದಳು.

"ಯಾಕ ಯಕ್ಕಾ?"

"ನಾಟಕ ಅಂತ ಬರದ್ರ ನನ್ನ ಹುಡುಗಿ ಮುಳುಗಿದ್ಲು, ತಮ್ಮಾ."

"ಹಂಗಾರ ಖರೇನ ಹುಲಿಗೆವ್ವ ಬಂದಿದ್ಲು ಅಂತ ಬರೀಲೇನು?"

"ಹಂಗ ಬರದ್ರ ನಾ ಎಲ್ಲಿ ಹೋದೆ? ಇಷ್ಟು ವರ್ಷ ಆ ಕೂಸಿನ ತಲಿ ಹಿಕ್ಕಿ ಹೆರಳು ಹಾಕಿದಾಕಿ ನಾನು."

"ಎರಡ್ರಾಗ ಒಂದು ಖರೇ ಇರಬೇಕಲ್ಲ?"

"ಯಾಕ ಇರಬೇಕು?"

ಪ್ರಶ್ನೆಯನ್ನು ಹಾಗೇ ಬರೆದುಕೊಂಡೆ. ನಿಮಗೆ ಉತ್ತರ ಹೊಳೆದರೆ ಅಂಚಿನಲ್ಲಿ ಬರೆದುಕೊಳ್ಳಿ.

೪

(ಮೂರನೆಯದರಲ್ಲಿ ಮನೋವೈದ್ಯರೊಬ್ಬರು ಬಂದು ಎಲ್ಲವನ್ನೂ ವಿವರಿಸುತ್ತಿದ್ದರು. ಅವರನ್ನು ಕುಷ್ಟಗಿ ಬಸ್ಸು ಹತ್ತಿಸಿ ಕಳಿಸಿದೆ.)

ಮರ್ದಾನಸಾಬನನ್ನು ಕರೆಸಿದರು. ಗಾಳಿ ಸೋಕಿದವರನ್ನು ಮಾತಾಡಿಸಲು ಸುತ್ತಲಿನ ಹಳ್ಳಿಗಳಿಗೆಲ್ಲ ಅವನೇ ಬೇಕು. ಲೋಬಾನದ ಹೊಗೆ ಹಾಕಿ, ನವಿಲುಗರಿ ಆಡಿಸುತ್ತ, ಮರ್ಯಾದೆಯಿಂದ ಕೇಳಿದ: "ಯಾರವ್ವ ನೀನು? ಯಾಕ ಬಂದಿ? ನಿನಗ ಏನು ಬೇಕು?"

ಆ ಕೊನೆಯ ಪ್ರಶ್ನೆಯನ್ನು ಹಂಪವ್ವ ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಕೊಂಡಳು. ಈ ಮನೆಗೆ ಬಂದಾಗಿನಿಂದ ನಿನಗೇನು ಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ.

(ಅವಳು ಮನಸ್ಸಿನಲ್ಲಿ ಕೇಳಿಕೊಂಡದ್ದು ನನಗೆ ಹೇಗೆ ಗೊತ್ತಾಯಿತು ಎಂದು ನೀವು ಕೇಳಲಿಲ್ಲ, ನೋಡಿ. ಇನ್ನೊಬ್ಬರ ಮೈಯೊಳಗೆ ಹೊಕ್ಕು ಅವರ ಬಾಯಿಂದ ಮಾತಾಡುವುದೇ ನನ್ನ ಕಸುಬು. ನಾನು ಮಾಡಿದರೆ ಸಾಹಿತ್ಯ, ಶಾಲು, ಹಾರ. ಹಂಪವ್ವ ಮಾಡಿದರೆ ಲೋಬಾನ. ಈ ನ್ಯಾಯವನ್ನು ನಾನು ಒಪ್ಪುವುದಿಲ್ಲ.)

"ನನ್ನ ಮಗಳು ಬೇಕು. ಮದುವಿ ನಿಲ್ಲಬೇಕು."

ದುರುಗಪ್ಪ ಹೊಗೆಯಿಂದ ಹಿಂದೆ ಸರಿದ. "ನಿಲ್ಲಸೂಣು ಬಿಡಬೇ" ಎಂದು ತಾಯಿಗೆ ಅಂದ. ಮಾಳವ್ವ ಅಷ್ಟು ಸುಲಭಕ್ಕೆ ಬಗ್ಗುವ ಹೆಂಗಸಲ್ಲ. ಹೊಗೆಯ ಹತ್ತಿರವೇ ಬಂದು ಕೂತಳು.

"ನೀ ಖರೇನ ಹುಲಿಗಿ ಇದ್ರ ಗುರುತು ಹೇಳು. ನೀ ಜೀವ ಬಿಡೂ ದಿನ ಬಾಗಲಾ ಹಾಕ್ಕೊಂಡು ನಿನ್ನ ಕಿವ್ಯಾಗ ನಾ ಏನಂದೆ? ಅದು ನನಗ ಗೊತ್ತು, ಆಕಿಗೆ ಗೊತ್ತು. ಹೇಳು ನೋಡೂಣು!"

ಅಂಗಳದವರೆಲ್ಲ ಹಂಪವ್ವನ ಕಡೆ ತಿರುಗಿದರು. ಹುಲಿಗೆವ್ವ ಸತ್ತಾಗ ಅವಳು ಈ ಊರು ಕಂಡವಳೇ ಅಲ್ಲ. ಈಗ ಗುರುತು ಹೇಳದಿದ್ದರೆ ನಾಳೆ ಅರಿಶಿಣ.

೫

ಇಲ್ಲಿ ಪೆನ್ನು ಕೆಳಗಿಟ್ಟೆ. ಆ ಮಾತನ್ನು ಅವಳಿಗೆ ಹೇಳಿಕೊಡಬಲ್ಲವನು ನಾನೊಬ್ಬನೇ. ಹೇಳಿಕೊಟ್ಟರೆ ಇದು ಅಪ್ಪಟ ದೆವ್ವದ ಕಥೆ, ನನ್ನ ವೈಚಾರಿಕ ಗೆಳೆಯರು ಫೋನ್ ಎತ್ತುವುದಿಲ್ಲ. ಹೇಳಿಕೊಡದಿದ್ದರೆ ಹುಡುಗಿ ಇರಕಲ್ಲಗಡದ ಪಾಲು. ಹಾಳಾಗಲಿ ಗೆಳೆತನ! ಬಗ್ಗಿ ಹಂಪವ್ವನ ಕಿವಿಯಲ್ಲಿ ಉಸುರಿದೆ.

"ಹೆಣ್ಣು ಹಡದಾಕಿ ನೀ, ಸತ್ರ ನನಗೇನೂ ಲುಕ್ಸಾನಿಲ್ಲ, ಅಂತ ಅಂದಿದ್ಲು. ಹೇಳಿಬಿಡು ಯಕ್ಕಾ."

"ಖರೇನ ಹಂಗಂದಿದ್ಲೇನು?"

"ನಾ ಬರದ್ರ ಖರೇನ ಆಗತೈತಿ."

"ನೀ ಬರದ್ರ ಓದಾವರು ನಂಬ್ತಾರ. ಮಾಳವ್ವ ನಂಬಂಗಿಲ್ಲ. ಆಕಿ ಆ ಖೋಲ್ಯಾಗ ಇದ್ದಾಕಿ. ಸರಿ ಆ ಕಡೆ."

ನನ್ನನ್ನು ಪಕ್ಕಕ್ಕೆ ತಳ್ಳಿ ಹಂಪವ್ವ ಅತ್ತೆಯನ್ನು ದಿಟ್ಟಿಸಿದಳು.

"ಕಿವ್ಯಾಗ ಅಂದದ್ದನ್ನ ನಾ ಯಾಕ ಹೇಳ್ಲಿ? ಅಂದಾಕಿ ನೀನು. ಎಲ್ಲಾರೂ ಕುಂತಾರ. ನಿನ್ನ ಬಾಯ್ಲೆ ನೀನ ಹೇಳು."

ಮಾಳವ್ವ ಸುತ್ತ ಕೂತವರ ಮುಖ ನೋಡಿದಳು. ಮರ್ದಾನಸಾಬ ನವಿಲುಗರಿ ತೊಡೆಯ ಮೇಲಿಟ್ಟು ಕಾದ. "ಏನಂದಿದ್ದಿಬೇ?" ಎಂದು ದುರುಗಪ್ಪ ಮೆಲ್ಲಗೆ ಕೇಳಿದ. ಇನ್ನೊಮ್ಮೆ ಕೇಳಿದ. ಮಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಆಮೇಲೆ ಗುರುತಿನ ಮಾತನ್ನು ಯಾರೂ ಎತ್ತಲಿಲ್ಲ.

ಅವಳು ಏನಂದಿದ್ದಳೋ ನನಗೂ ತಿಳಿಯದು. (ಲೇಖಕನಿಗೇ ತಿಳಿಯದೇ ಎನ್ನಬೇಡಿ. ತಿಳಿಯಲಿಲ್ಲ, ಅಷ್ಟೇ.)

೬

ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ. ಹೇಮಗುಡ್ಡದ ಗುಡಿಯಲ್ಲಿ ದುರ್ಗಿಯ ಮುಂದೆ ನಿಂತು ಹಂಪವ್ವ ನಿಜ ಒಪ್ಪಿಕೊಂಡಳು. ಅಥವಾ, ದೆವ್ವ ಇಳಿಯಿತು, ಮದುವೆ ನಿಂತಿತು, ಎಲ್ಲರೂ ಕೂಡಿ ಹೋಳಿಗೆ ಉಂಡರು. ಎರಡನೆಯದು ನಿಮಗೂ ಹಿಡಿಸೀತು ಎಂದು ಅದನ್ನೇ ಬರೆಯತೊಡಗಿದೆ. "ಹುಲಿಗೆವ್ವ ಹೋದಳು" ಎಂಬಲ್ಲಿ ಹಂಪವ್ವ ನನ್ನ ಕೈ ಹಿಡಿದಳು.

"ಎಲ್ಲಿಗೆ ಹೋದ್ಲು?"

"ಕಥಿ ಮುಗೀಬೇಕಲ್ಲ ಯಕ್ಕಾ. ದೆವ್ವ ಇಳೀಬೇಕು."

"ಆಕಿ ಇಳದ ದಿನ ಮತ್ತ ಅರಿಶಿಣ ಅರೀತಾರ. ವಿರುಪಣ್ಣ ಅಲ್ಲದಿದ್ರ ಇನ್ನೊಬ್ಬ. ನೀ ಆವಾಗ ಬ್ಯಾರೆ ಕಥಿ ಬರಕೋತ ಕುಂತಿರ್ತಿ. ನನ್ನ ಮಾತು ಯಾರು ಕೇಳ್ತಾರ?"

ನಾಚಿಕೆಯಾಯಿತು. ಸಾಲಿಗೆ ನಾನೇ ಕಾಟು ಹೊಡೆದೆ.

ಅಂಗಳದಲ್ಲಿ ಮರ್ದಾನಸಾಬ ಹಸಿರು ಬಳೆ, ತೆಂಗಿನಕಾಯಿ ಮುಂದಿಟ್ಟು ಕೇಳಿಕೊಳ್ಳುತ್ತಿದ್ದ: "ಮದುವಿ ನಿಂತೈತಿ, ತಾಯಿ. ಉಡಿ ತುಂಬ್ತಾರ. ತಗೊಂಡು ನಿನ್ನ ಹಾದಿ ಹಿಡಿ."

ಹಂಪವ್ವ ಬಳೆ ತೊಟ್ಟುಕೊಂಡಳು. ಯಮನೂರಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಾ ಎಲ್ಲಿಗೂ ಹೋಗಂಗಿಲ್ಲ. ಹುಡುಗಿ ದೊಡ್ಡಾಕಿ ಆಗಿ ತಾನ ಹೂಂ ಅನ್ನೂತನಕ ಇಲ್ಲೇ ಇರಾಕಿ. ನೀರಡಿಕ್ಯಾಗೈತಿ, ಯಾರರ ನೀರು ತರ್ರಿ."

ದುರುಗಪ್ಪ ಎದ್ದು ನೀರು ತರಲು ಹೋದ.

ನೀವು ದೆವ್ವವನ್ನು ನಂಬುತ್ತೀರೋ ಬಿಡುತ್ತೀರೋ, ಅದು ನನಗೆ ಬೇಕಾಗಿಲ್ಲ. ಇರಕಲ್ಲಗಡದ ಕಡೆಯವರು ಯಾರಾದರೂ ಕೇಳಿದರೆ ಇನ್ನೂ ಇಳಿದಿಲ್ಲ ಎಂದು ಹೇಳಿ.